ಪಿಎಚ್.ಡಿ. ಮತ್ತು ಮ್ಯಾರಥಾನ್: ಎರಡರಲ್ಲಿ ಒಂದನ್ನು ಬಿಡಲೇಬೇಕಾ?

ಪ್ರಶ್ನೆ: ಡಾಕ್ಟ್ರೇ, ನನಗೆ 26 ವರ್ಷ. ಮನೆ ಬದಿಯಡ್ಕದ ಹತ್ತಿರ. ಕಾಸರಗೋಡು ಜಿಲ್ಲೆಯಲ್ಲೇ ಹಾಸ್ಟೆಲ್‌ನಲ್ಲಿದ್ದುಕೊಂಡು ಸಸ್ಯವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ, ಎರಡನೇ ವರ್ಷ. ಕಳೆದ ವರ್ಷ ಹಾಫ್ ಮ್ಯಾರಥಾನ್ ಓಡಿ ಮುಗಿಸಿದೆ. ಬರುವ ಜನವರಿ ಕೊನೆಗೆ ಪೂರ್ತಿ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೇನೆ. ಮೊಬೈಲ್ ಆ್ಯಪ್‌ನ ಪ್ಲಾನ್ ನೋಡಿಕೊಂಡು ವಾರಕ್ಕೆ 55 ಕಿಲೋಮೀಟರ್ ಓಡುತ್ತೇನೆ. ನಾಲ್ಕೂವರೆಗೆ ಎದ್ದು ಒಂದು ಕಟ್ಟನ್ ಚಾಯ (ಹಾಲು ಹಾಕದ ಚಹಾ) ಕುಡಿದು ಹೊರಡುವುದು. ಓಡಿ ಬಂದ ಮೇಲೆ ಹಸಿವೇ ಇರುವುದಿಲ್ಲ, ತಿಂಡಿ ಬಿಟ್ಟು ಸೀದಾ ಲ್ಯಾಬ್‌ಗೆ. ಒಂದೂವರೆಗೆ ಮೆಸ್ ಊಟ, ರಾತ್ರಿ ಒಂಬತ್ತೂವರೆಗೆ ಎರಡು ಚಪಾತಿ. ಮಲಗುವಾಗ ಹನ್ನೊಂದೂವರೆ, ಸ್ಯಾಂಪಲ್ ತೆಗೆಯುವ ದಿನ ಒಂದು ಗಂಟೆ.

ಎರಡು ತಿಂಗಳಿಂದ ನನ್ನ ಓಟ ನಿಧಾನವಾಗುತ್ತಾ ಇದೆ. ಐದು ಕಿಲೋ ಇಳಿದು ಈಗ 50 ಕಿಲೋ ಇದ್ದೇನೆ. ಮುಟ್ಟು ನಿಂತು ನಾಲ್ಕು ತಿಂಗಳಾಯಿತು. ಮೂರು ವಾರದಿಂದ ಎಡಗಾಲಿನ ಕಣಕಾಲಿನಲ್ಲಿ, ಒಳಬದಿಗೆ, ನಾಣ್ಯದಷ್ಟು ಜಾಗದಲ್ಲಿ ನೋವು. ಈಗೀಗ ರಾತ್ರಿ ಮಲಗಿದರೂ ನೋಯುತ್ತದೆ. ಮೊದಲ ವಾರವೇ ಎಕ್ಸ್‌ರೇ ತೆಗೆಸಿದೆ, ಏನೂ ಇಲ್ಲ ಅಂದರು. ನೋವಿನ ಮಾತ್ರೆ ನುಂಗಿ ಓಡುತ್ತಿದ್ದೇನೆ. ಓಡುವ ಗೆಳತಿಯರು ‘ಮುಟ್ಟು ನಿಂತರೆ ಟ್ರೈನಿಂಗ್ ಚೆನ್ನಾಗಿ ಆಗ್ತಿದೆ ಅಂತ ಅರ್ಥ’ ಅನ್ನುತ್ತಾರೆ. ಅಮ್ಮನಿಗೆ ‘ಹೆಣ್ಣುಮಕ್ಕಳು ಹೀಗೆ ಓಡಿದರೆ ಗರ್ಭಕೋಶ ಜಾರುತ್ತದೆ’ ಅಂತ ಹೆದರಿಕೆ. ಗೈಡ್ ‘ಓದೋ ಓಟವೋ ತೀರ್ಮಾನ ಮಾಡು’ ಅಂದಿದ್ದಾರೆ. ಮಾರ್ಚ್‌ನಲ್ಲಿ ಡಾಕ್ಟೋರಲ್ ಕಮಿಟಿ ಮುಂದೆ ಪ್ರೆಸೆಂಟೇಶನ್ ಇದೆ. ಎರಡರಲ್ಲಿ ಒಂದನ್ನು ಬಿಡಲೇಬೇಕಾ?

ಉತ್ತರ: ಮೊದಲು ಕಾಲಿನ ವಿಷಯ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಇದನ್ನು ಓದಿದ ಗಳಿಗೆಯಿಂದ ಓಟ ನಿಲ್ಲಿಸಿ. ನಾಳೆಯ ‘ಸಣ್ಣ ಓಟ’ವೂ ಬೇಡ. ನೋವಿನ ಮಾತ್ರೆ ತಗೊಂಡು ಓಡುವುದಂತೂ ಖಂಡಿತ ಬೇಡ.

ಯಾಕೆ ಅಂತ ಹೇಳುತ್ತೇನೆ. ಓಡುವವರಿಗೆ ಕಣಕಾಲಿನಲ್ಲಿ ಎರಡು ಬಗೆಯ ನೋವು ಬರುತ್ತದೆ. ಒಂದು ಶಿನ್ ಸ್ಪ್ಲಿಂಟ್. ಮೂಳೆಯ ಒಳ ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತಾ ಕೆಳಗೆ ಬಂದರೆ ನಾಲ್ಕೈದು ಬೆರಳಿನಷ್ಟು ಉದ್ದಕ್ಕೂ ನೋಯುತ್ತದೆ. ಓಡಲು ಶುರು ಮಾಡುವಾಗ ಇರುತ್ತದೆ, ಮೈ ಬೆಚ್ಚಗಾದ ಮೇಲೆ ಕಮ್ಮಿಯಾಗುತ್ತದೆ. ಇದು ಉಪದ್ರವೇ, ಆದರೆ ಓಟ ಕಡಿಮೆ ಮಾಡಿದರೆ ಸುಧಾರಿಸುತ್ತದೆ. ಇನ್ನೊಂದು ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಮೂಳೆಯಲ್ಲಿ ಬಿದ್ದ ಕೂದಲೆಳೆಯಂಥ ಬಿರುಕು. ಇದರಲ್ಲಿ ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗ ನೋಯುತ್ತದೆ. ಓಡಿದಷ್ಟೂ ಜಾಸ್ತಿಯಾಗುತ್ತದೆ. ಮುಂದೆ ನಡೆಯುವಾಗಲೂ, ಕೊನೆಗೆ ಮಲಗಿದಾಗಲೂ ಬಿಡುವುದಿಲ್ಲ. ನೀವು ಬರೆದದ್ದು ಎರಡನೆಯದಕ್ಕೆ ಹೊಂದುತ್ತದೆ. ಕಾಲನ್ನು ಕೈಯಲ್ಲಿ ಹಿಡಿದು ನೋಡದೆ ಇದೇ ಅಂತ ನಾನು ಹೇಳಲಾರೆ. ಆದರೆ ಅಲ್ಲ ಅಂತ ಗೊತ್ತಾಗುವ ತನಕ ಅದೇ ಅಂತ ತಿಳಿದು ನಡೆದುಕೊಳ್ಳಬೇಕು.

‘ಎಕ್ಸ್‌ರೇಯಲ್ಲಿ ಏನೂ ಇಲ್ಲ’ ಅಂದದ್ದು ಸುಳ್ಳಲ್ಲ. ಈ ಬಗೆಯ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಕೆಲವರಿಗೆ ಕೊನೆಯ ತನಕವೂ ಕಾಣುವುದಿಲ್ಲ. ಎಂಆರ್‌ಐಯಲ್ಲಿ ಕಾಣುತ್ತದೆ. ನನ್ನ ಬಳಿ ಬರುವ ಓಟಗಾರರಲ್ಲಿ ಈ ಒಂದು ಎಕ್ಸ್‌ರೇಯನ್ನು ನಂಬಿಕೊಂಡು ತಿಂಗಳುಗಟ್ಟಲೆ ಓಡಿ, ಸಣ್ಣ ಬಿರುಕನ್ನು ದೊಡ್ಡದು ಮಾಡಿಕೊಂಡವರು ಇರುತ್ತಾರೆ. ಒಳ ಅಂಚಿನ ಬಿರುಕಾದರೆ ಸಾಮಾನ್ಯವಾಗಿ 6ರಿಂದ 8 ವಾರ ಓಟ ಬಿಟ್ಟರೆ ಕೂಡಿಕೊಳ್ಳುತ್ತದೆ. ದೊಡ್ಡದಾದರೆ 12 ವಾರವೂ ಬೇಕಾದೀತು. ಕಣಕಾಲಿನ ಮುಂಭಾಗದಲ್ಲಿ, ಚರ್ಮದ ಕೆಳಗೇ ಕೈಗೆ ಸಿಗುವ ಏಣಿನಲ್ಲಿ ಬಿರುಕು ಬಿದ್ದರೆ ಅದು ಬೇರೆಯೇ ಕಥೆ. ಅದು ಬೇಗ ಕೂಡುವುದಿಲ್ಲ, ಪೂರ್ತಿ ಮುರಿಯುವ ಭಯವೂ ಇದೆ. ಆದ್ದರಿಂದ ಬಿರುಕು ಎಲ್ಲಿದೆ ಎಂಬುದು ಗೊತ್ತಾಗಲೇಬೇಕು.

ನೋವಿನ ಮಾತ್ರೆಯ ಬಗ್ಗೆ ಇಷ್ಟೇ. ‘ಓಡಬೇಡ’ ಅಂತ ಹೇಳುತ್ತಿರುವ ಜಾಗದ ಬಾಯಿ ಮುಚ್ಚಿಸಿ ಓಡಿದಂತಾಗುತ್ತದೆ. ಅದಲ್ಲದೆ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ತರದವುಗಳನ್ನು ಖಾಲಿ ಹೊಟ್ಟೆಯಲ್ಲಿ ತಗೊಂಡು, ನಮ್ಮೂರಿನ ಸೆಕೆಯಲ್ಲಿ ಬೆವರು ಸುರಿಸುತ್ತಾ ಓಡಿದರೆ ಹೊಟ್ಟೆಗೂ ಕಿಡ್ನಿಗೂ ಪೆಟ್ಟು.

ಇನ್ನು ಮುಟ್ಟಿನ ವಿಷಯ. ಇಲ್ಲಿ ನಿಮ್ಮ ಗೆಳತಿಯರು ಹೇಳಿದ್ದೂ ತಪ್ಪು, ಅಮ್ಮ ಹೇಳಿದ್ದೂ ತಪ್ಪು. ಆದರೆ ಎರಡೂ ಒಂದೇ ಬಗೆಯ ತಪ್ಪಲ್ಲ.

ಅಮ್ಮನ ಹೆದರಿಕೆ ಅವರೊಬ್ಬರದ್ದಲ್ಲ. ಇಡೀ ಜಗತ್ತೇ ಹಾಗೆ ನಂಬಿತ್ತು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರು ಮೊದಲ ಸಲ 800 ಮೀಟರ್ ಓಡಿದರು. ಓಟ ಮುಗಿಸಿ ಕೆಲವರು ಸುಸ್ತಾಗಿ ಕೂತದ್ದನ್ನೇ ಪತ್ರಿಕೆಗಳು ದೊಡ್ಡದು ಮಾಡಿದವು. ಆ ಓಟವನ್ನೇ ತೆಗೆದುಹಾಕಿದರು. ಮತ್ತೆ ಅದು ಬಂದದ್ದು 1960ರಲ್ಲಿ. ಹೆಂಗಸರ ಮ್ಯಾರಥಾನ್ ಒಲಿಂಪಿಕ್ಸ್‌ಗೆ ಬರಲು 1984ರ ತನಕ ಕಾಯಬೇಕಾಯಿತು. ಆಮೇಲೆ ಲಕ್ಷಾಂತರ ಹೆಂಗಸರು 42.195 ಕಿಲೋಮೀಟರ್ ಓಡಿದ್ದಾರೆ, ಹೆತ್ತಿದ್ದಾರೆ, ಹೆತ್ತ ಮೇಲೂ ಓಡಿದ್ದಾರೆ. ಓಡಿದ್ದಕ್ಕೆ ಗರ್ಭಕೋಶ ಜಾರುವುದಿಲ್ಲ. ಇದನ್ನು ಅಮ್ಮನಿಗೆ ಸಮಾಧಾನದಿಂದ ಹೇಳಿ. ಹಾಗೆಯೇ ಮುಟ್ಟು ನಿಂತ ವಿಷಯವನ್ನೂ ಅವರಿಗೆ ಹೇಳಿ. ಮಗಳ ದೇಹದಲ್ಲಿ ಏನೋ ಸರಿ ಇಲ್ಲ ಎಂಬ ಅವರ ಅಂದಾಜು ತಪ್ಪಿಲ್ಲ, ಕಾರಣ ಮಾತ್ರ ಬೇರೆ.

ಗೆಳತಿಯರ ಮಾತು ಹೆಚ್ಚು ಅಪಾಯದ್ದು. ಮುಟ್ಟು ನಿಲ್ಲುವುದು ಒಳ್ಳೆ ಟ್ರೈನಿಂಗ್‌ನ ಗುರುತಲ್ಲ. ದೇಹಕ್ಕೆ ಬರುವ ಅನ್ನ ಸಾಲುತ್ತಿಲ್ಲ ಎಂಬುದರ ಗುರುತು. ಓಟಕ್ಕೆ ಖರ್ಚಾಗಿ ಉಳಿದದ್ದು ಕಡಿಮೆಯಾದಾಗ ಮೆದುಳು ತುರ್ತಿಲ್ಲದ ಕೆಲಸಗಳನ್ನು ಒಂದೊಂದಾಗಿ ನಿಲ್ಲಿಸುತ್ತದೆ. ಉಸಿರಾಟ, ಹೃದಯ ನಿಲ್ಲಿಸುವಂತಿಲ್ಲ. ಮುಟ್ಟು ನಿಲ್ಲಿಸಬಹುದು. ಮೂಳೆ ಕಟ್ಟುವ ಕೆಲಸ ನಿಧಾನ ಮಾಡಬಹುದು. ಅಂಡಾಶಯಕ್ಕೆ ಹೋಗುವ ಸೂಚನೆ ಕಡಿಮೆಯಾಗುತ್ತದೆ, ಅಲ್ಲಿಂದ ಬರುವ ಈಸ್ಟ್ರೊಜನ್ ಎಂಬ ಹಾರ್ಮೋನ್ ಇಳಿಯುತ್ತದೆ. ಈಸ್ಟ್ರೊಜನ್ ಇಳಿದರೆ ಮೂಳೆ ಸವೆಯುತ್ತದೆ. ನಿಮ್ಮ ನಿಂತ ಮುಟ್ಟು, ಕಣಕಾಲಿನ ನೋವು, ಇಳಿದ ತೂಕ, ನಿಧಾನವಾದ ಓಟ, ಇವು ನಾಲ್ಕು ತೊಂದರೆಗಳಲ್ಲ. ಬಹುತೇಕ ಒಂದೇ ತೊಂದರೆ. 2014ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದಕ್ಕೆ ರೆಡ್-ಎಸ್ (ಆಟೋಟದವರಲ್ಲಿ ಆಗುವ ಶಕ್ತಿಯ ಕೊರತೆ) ಅಂತ ಹೆಸರು ಕೊಟ್ಟಿತು. ಗಂಡಸರಿಗೂ ಇದು ಬರುತ್ತದೆ, ಆದರೆ ಅವರಿಗೆ ಮುಟ್ಟಿನಂಥ ಸ್ಪಷ್ಟ ಎಚ್ಚರಿಕೆ ಇಲ್ಲ. 26ರ ವಯಸ್ಸು ಮೂಳೆ ತನ್ನ ಪೂರ್ತಿ ಗಟ್ಟಿತನಕ್ಕೆ ಬರುವ ಕೊನೆಯ ವರ್ಷಗಳಲ್ಲಿ ಒಂದು. ಈಗ ಕಳಕೊಂಡದ್ದು ಮುಂದೆ ಪೂರ್ತಿ ವಾಪಸ್ ಬರುತ್ತದೆ ಅಂತ ಭರವಸೆ ಇಲ್ಲ. ಇದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಜನವರಿಯ ಒಂದು ಓಟದ ಎದುರು ಏನನ್ನು ಇಡುತ್ತಿದ್ದೀರಿ ಅಂತ ಗೊತ್ತಿರಲಿ ಅಂತ ಹೇಳುತ್ತಿದ್ದೇನೆ.

ಒಂದು ಮಾತು. ಮುಟ್ಟು ನಿಲ್ಲಲು ಬೇರೆ ಕಾರಣಗಳೂ ಇವೆ. ಗರ್ಭ ಧರಿಸಿರುವುದು, ಥೈರಾಯ್ಡ್, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಜಾಸ್ತಿಯಾಗಿರುವುದು, ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ತೊಂದರೆಯಾದ ಪಿಸಿಒಎಸ್. ಯಾರು ಬಂದರೂ ನಾವು ಮೊದಲು ಇವನ್ನೆಲ್ಲ ಕೇಳಿಯೇ ಮುಂದೆ ಹೋಗುವುದು, ಬೇಸರ ಮಾಡಿಕೊಳ್ಳಬೇಡಿ. ಇನ್ನೊಂದು, ಮುಟ್ಟು ಬರಿಸಲು ಹಾರ್ಮೋನ್ ಮಾತ್ರೆ ತಗೊಂಡು ‘ಬಂತಲ್ಲ, ಸರಿಯಾಯಿತು’ ಅಂತ ಸುಮ್ಮನಾಗುವವರಿದ್ದಾರೆ. ಗರ್ಭನಿರೋಧಕ ಮಾತ್ರೆಯಿಂದ ರಕ್ತಸ್ರಾವ ಬರುತ್ತದೆ. ಊಟದ ಕೊರತೆ ಹಾಗೆಯೇ ಉಳಿಯುತ್ತದೆ, ಮೂಳೆಗೂ ಅದರಿಂದ ರಕ್ಷಣೆ ಸಿಗುವುದಿಲ್ಲ.

ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ಯಾವುದು ಗೊತ್ತಾ? ‘ಓಡಿ ಬಂದ ಮೇಲೆ ಹಸಿವೇ ಇರುವುದಿಲ್ಲ’ ಅಂದದ್ದು. ಇದನ್ನು ತುಂಬಾ ಜನ ಹೇಳುತ್ತಾರೆ. ಜೋರಾಗಿ ಓಡಿದ ಮೇಲೆ ಸ್ವಲ್ಪ ಹೊತ್ತು ಹಸಿವು ಅಡಗುತ್ತದೆ, ನಿಜ. ಆದರೆ ಹಸಿವಿಲ್ಲ ಅಂದರೆ ಬೇಕಾಗಿಲ್ಲ ಅಂತ ಅಲ್ಲ.

ಲೆಕ್ಕ ಹಾಕಿ ನೋಡಿ. ಓಡುವಾಗ ಒಂದು ಕಿಲೋ ದೇಹತೂಕಕ್ಕೆ ಒಂದು ಕಿಲೋಮೀಟರಿಗೆ ಸುಮಾರು 1 ಕಿಲೋಕ್ಯಾಲೊರಿ ಖರ್ಚು. ನೀವು 50 ಕಿಲೋ, ವಾರಕ್ಕೆ 55 ಕಿಲೋಮೀಟರ್. ವಾರಕ್ಕೆ 2,750 ಆಯಿತು, ಅಂದರೆ ದಿನಕ್ಕೆ ಸುಮಾರು 390. ಓಟ ಬಿಟ್ಟು ಉಳಿದ ಬದುಕಿಗೇ ನಿಮ್ಮ ಮೈಕಟ್ಟಿಗೆ 1,800ರ ಆಸುಪಾಸು ಬೇಕು. ಒಟ್ಟು ಸುಮಾರು 2,200. ನೀವು ಬರೆದ ಊಟ, ಅಂದರೆ ಮಧ್ಯಾಹ್ನದ ಅನ್ನ ಸಾಂಬಾರು, ರಾತ್ರಿ ಎರಡು ಚಪಾತಿ, ನಡುವೆ ಚಾ ಬಿಸ್ಕತ್ತು ಅಂತ ಹಿಡಿದರೂ 1,300 ದಾಟುವುದು ಕಷ್ಟ. ದಿನಾ ಇಷ್ಟು ಕೊರತೆ. ತಿಂಗಳುಗಟ್ಟಲೆ.

ಗಂಜಿಯನ್ನು ನಾನು ಹೀಗಳೆಯುವುದಿಲ್ಲ, ನಾನೂ ಅದನ್ನೇ ಉಂಡು ಬೆಳೆದವನು. ಆದರೆ ಗಂಜಿ ಉಪ್ಪಿನಕಾಯಿಯಲ್ಲಿ ದೂರದ ಓಟ ನಡೆಯುವುದಿಲ್ಲ. ನಮ್ಮದೇ ರೈಲು ದಾರಿಯಲ್ಲಿ ಸಿಗುವ ಪಯ್ಯೋಳಿಯ ಪಿ.ಟಿ. ಉಷಾ 1984ರ ಲಾಸ್ ಏಂಜಲೀಸ್‌ನಲ್ಲಿ 400 ಮೀಟರ್ ಹರ್ಡಲ್ಸ್‌ನ ಕಂಚನ್ನು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಳಕೊಂಡರು. ಒಲಿಂಪಿಕ್ ಗ್ರಾಮದಲ್ಲಿ ತನಗೆ ಹೊಂದುವ ಊಟ ಸಿಗದೆ ಗಂಜಿ ಮತ್ತು ಉಪ್ಪಿನಕಾಯಿಯಲ್ಲೇ ದಿನ ಕಳೆಯಬೇಕಾಯಿತು, ಕೊನೆಯ ಮೀಟರ್‌ಗಳಲ್ಲಿ ಶಕ್ತಿ ಉಳಿಯಲಿಲ್ಲ ಅಂತ ಅವರೇ ವರ್ಷಗಳ ನಂತರ ಹೇಳಿದ್ದಾರೆ. ಅಷ್ಟು ದೊಡ್ಡ ಓಟಗಾರ್ತಿಯ ಕಾಲಿಗೂ ಅನ್ನ ಬೇಕು.

ಹಾಸ್ಟೆಲ್‌ನಲ್ಲಿ ಏನು ಮಾಡಬಹುದು? ಒಂದು ನೇಂದ್ರ ಬಾಳೆಹಣ್ಣು, ಒಂದು ಲೋಟ ಹಾಲು, ಒಂದು ಹಿಡಿ ನೆಲಕಡಲೆ. ಇಷ್ಟರಲ್ಲೇ ಸುಮಾರು 400 ಬಂತು. ಬಾಳೆಹಣ್ಣನ್ನು ರಾತ್ರಿಯೇ ತಂದು ಕೋಣೆಯಲ್ಲಿ ಇಟ್ಟುಕೊಳ್ಳಿ. ಓಡುವ ದಿನ ಹೊರಡುವ ಮೊದಲು ಅರ್ಧ, ಬಂದ ಮೇಲೆ ಅರ್ಧ. ಆಮೇಲೆ ಬೆಳಗ್ಗಿನ ತಿಂಡಿ ಬಿಡಲೇಬಾರದು. ಪುಟ್ಟು ಕಡಲೆ ಇದ್ದ ದಿನ ಖುಷಿಪಡಿ, ಓಟಗಾರರಿಗೆ ಅದಕ್ಕಿಂತ ಒಳ್ಳೆ ತಿಂಡಿ ಹುಡುಕುವುದು ಕಷ್ಟ. ಇಡ್ಲಿ ದೋಸೆಯ ದಿನ ಜೊತೆಗೆ ಎರಡು ಮೊಟ್ಟೆ. ಮೀನು ತಿನ್ನುವವರಾದರೆ ಬಂಗುಡೆ, ಮತ್ತಿ ನಮ್ಮಲ್ಲಿ ಧಾರಾಳ. ತಿನ್ನದವರಾದರೆ ಹೆಸರುಕಾಳು, ಕಡಲೆ, ಮೊಸರು ಜಾಸ್ತಿ ಬೇಕು. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಸಿಗುವಂತೆ ನೋಡಿಕೊಳ್ಳಿ. ರಾತ್ರಿ ಲ್ಯಾಬ್ ತಡವಾಗುವ ದಿನ ಸಂಜೆ ಆರಕ್ಕೇ ಏನಾದರೂ ಗಟ್ಟಿ ತಿನ್ನಿ, ಅವಲಕ್ಕಿ ಮೊಸರಾದರೂ ಸರಿ. ಕಟ್ಟನ್ ಚಾಯವನ್ನು ಬಿಡಿ ಅನ್ನುವುದಿಲ್ಲ. ಊಟದ ಜೊತೆ ಬೇಡ, ಒಂದು ಗಂಟೆ ಬಿಟ್ಟು ಕುಡಿಯಿರಿ. ಚಹಾ ಊಟದ ಕಬ್ಬಿಣಾಂಶವನ್ನು ರಕ್ತಕ್ಕೆ ಹೋಗದಂತೆ ಹಿಡಿದಿಡುತ್ತದೆ. ಊಟಕ್ಕೆ ಒಂದು ಲಿಂಬೆ ಹಿಂಡಿದರೆ ಉಲ್ಟಾ ಒಳ್ಳೆಯದಾಗುತ್ತದೆ.

ಕಬ್ಬಿಣದ ಮಾತು ಬಂತಲ್ಲ, ರಕ್ತ ಪರೀಕ್ಷೆ ಮಾಡಿಸುವಾಗ ಹಿಮೋಗ್ಲೋಬಿನ್ ಒಂದನ್ನೇ ನೋಡಿ ಬರಬೇಡಿ, ಫೆರಿಟಿನ್ ಕೂಡ ಕೇಳಿ. ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. 12.5 ಇದ್ದವರಿಗೂ ಒಳಗಿನ ಕಬ್ಬಿಣದ ದಾಸ್ತಾನು ಮುಗಿದಿರಬಹುದು, ಅದನ್ನು ಫೆರಿಟಿನ್ ಹೇಳುತ್ತದೆ. ಓಟ ನಿಧಾನವಾಗಲು ಇದೂ ದೊಡ್ಡ ಕಾರಣ. ಜೊತೆಗೆ ವಿಟಮಿನ್ ಡಿ. ಕತ್ತಲಲ್ಲಿ ಓಡಿ, ಹಗಲೆಲ್ಲ ಲ್ಯಾಬ್‌ನ ಒಳಗೆ ಇರುವವರಿಗೆ ಬಿಸಿಲಿನ ಊರಲ್ಲೂ ಅದು ಕಡಿಮೆ ಇರುತ್ತದೆ. ಪರೀಕ್ಷೆ ಮಾಡದೆ ಸುಮ್ನೆ ಕಬ್ಬಿಣದ ಮಾತ್ರೆ ಶುರು ಮಾಡಬೇಡಿ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಓದು ಮತ್ತು ಓಟ ಒಟ್ಟಿಗೆ ಆಗುತ್ತದಾ? ಆಗುತ್ತದೆ. ಆದರೆ ಹೆಚ್ಚಿನವರು ಇದನ್ನು ಸಮಯದ ಸಮಸ್ಯೆ ಅಂದುಕೊಳ್ಳುತ್ತಾರೆ. ಸಮಯ ನಿಮಗೆ ಸಿಕ್ಕಿದೆ, ನಾಲ್ಕೂವರೆಗೆ ಎದ್ದು ಸಂಪಾದಿಸಿದ್ದೀರಿ. ಅದನ್ನು ನಿದ್ದೆಯಿಂದ ತೆಗೆದಿದ್ದೀರಿ ಅಷ್ಟೇ.

ನಮ್ಮ ಕಡೆ ಗುಡ್ಡದ ಬುಡದಲ್ಲಿ ಮುರಕಲ್ಲು ಕೊರೆದು ಮಾಡಿದ ಸುರಂಗ ನೋಡಿದ್ದೀರಲ್ಲ. ನೀರು ಸಣ್ಣಗೆ ಒಸರಿ ಹೊರಗಿನ ತೊಟ್ಟಿಗೆ ಬೀಳುತ್ತದೆ. ತೋಟಕ್ಕೂ ಅದೇ, ಮನೆಗೂ ಅದೇ. ಬೆಳಿಗ್ಗೆ ಪೂರ್ತಿ ತೋಟಕ್ಕೆ ಬಿಟ್ಟರೆ ಮಧ್ಯಾಹ್ನ ಅಡುಗೆಗೆ ನೀರಿಲ್ಲ. ನಿಮ್ಮ ಶಕ್ತಿಯೂ ಹಾಗೆ. ಲ್ಯಾಬ್‌ಗೆ ಒಂದು, ಓಟಕ್ಕೆ ಒಂದು ಅಂತ ಎರಡು ತೊಟ್ಟಿ ಇಲ್ಲ. ತುಂಬುವ ದಾರಿಯೂ ಎರಡೇ, ಊಟ ಮತ್ತು ನಿದ್ದೆ.

ತಲೆ ಕೆಲಸದ ದಣಿವು ಕಾಲಿಗೆ ಬರುವುದಿಲ್ಲ ಅಂತ ಕೆಲವರು ವಾದಿಸುತ್ತಾರೆ. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನೇ ಪರೀಕ್ಷಿಸಿತ್ತು. ಕೆಲವರಿಗೆ 90 ನಿಮಿಷ ಕಂಪ್ಯೂಟರ್ ಮುಂದೆ ಗಮನ ಬೇಡುವ ಕೆಲಸ ಕೊಟ್ಟರು, ಆಮೇಲೆ ಸುಸ್ತಾಗುವ ತನಕ ಸೈಕಲ್ ತುಳಿಸಿದರು. ಇನ್ನೊಂದು ದಿನ ಅದೇ ಜನರಿಗೆ 90 ನಿಮಿಷ ಸಾಧಾರಣ ವಿಡಿಯೊ ತೋರಿಸಿ ತುಳಿಸಿದರು. ತಲೆ ದಣಿದ ದಿನ ಬೇಗ ಕೈಬಿಟ್ಟರು. ಹೃದಯವಾಗಲಿ ಸ್ನಾಯುವಾಗಲಿ ಸೋತದ್ದು ಕಾಣಲಿಲ್ಲ. ಅದೇ ಕೆಲಸ ಜಾಸ್ತಿ ಕಷ್ಟ ಅನಿಸಿತು, ಅಷ್ಟೇ. ಇಡೀ ದಿನ ಡೇಟಾ ಎದುರು ಕೂತು ಸಂಜೆ ವೇಗದ ಓಟಕ್ಕೆ ಹೋದರೆ ‘ನನಗೆ ಆಗ್ತಾ ಇಲ್ಲ’ ಅನಿಸುವುದು ಸೋಮಾರಿತನ ಅಲ್ಲ.

ನಿಮ್ಮ ಗೈಡ್‌ಗೆ ಬೇಕಾದರೆ ರೋಜರ್ ಬ್ಯಾನಿಸ್ಟರ್ ಬಗ್ಗೆ ಹೇಳಿ. 1954ರ ಮೇ 6ರಂದು ನಾಲ್ಕು ನಿಮಿಷದೊಳಗೆ ಒಂದು ಮೈಲಿ ಓಡಿದ ಮೊದಲ ಮನುಷ್ಯ ಆಗ ಲಂಡನ್ನಿನಲ್ಲಿ ವೈದ್ಯಕೀಯ ವಿದ್ಯಾರ್ಥಿ. ಆ ದಿನ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ, ಆಮೇಲೆ ರೈಲು ಹತ್ತಿ ಆಕ್ಸ್‌ಫರ್ಡಿಗೆ ಬಂದು, ಸಂಜೆ 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದರು. ಒಂದು ಮೈಲಿಯ ಓಟ ಬೇರೆ, ಮ್ಯಾರಥಾನ್ ಬೇರೆ, ಅದು ನನಗೂ ಗೊತ್ತು. ಅವರ ಕಥೆಯಲ್ಲಿ ನನಗೆ ಮುಖ್ಯ ಅನಿಸುವುದು ಅದಕ್ಕೂ ಕೆಲವು ವಾರ ಹಿಂದಿನ ಸಂಗತಿ. ಅಭ್ಯಾಸದಲ್ಲಿ ಕಾಲು ಮೈಲಿಯ ಸುತ್ತುಗಳು 61 ಸೆಕೆಂಡಿಗೇ ನಿಂತುಬಿಟ್ಟಿದ್ದವು, ಎಷ್ಟು ಓಡಿದರೂ ಇಳಿಯುತ್ತಿರಲಿಲ್ಲ. ಓಟ ಬಿಟ್ಟು ಗೆಳೆಯನ ಜೊತೆ ಸ್ಕಾಟ್ಲೆಂಡಿನ ಬೆಟ್ಟ ಹತ್ತಲು ಹೋದರು. ವಾಪಸ್ ಬಂದು ಓಡಿದಾಗ 59. ಅವರಿಗೆ ಬೇಕಾಗಿದ್ದದ್ದು ಇನ್ನಷ್ಟು ಓಟ ಆಗಿರಲಿಲ್ಲ.

ಹಾಗಾದರೆ ನಿಮ್ಮ ಮುಂದೆ ಏನೇನು ದಾರಿ ಇದೆ?

ಮಾತ್ರೆ ನುಂಗಿ, ಪ್ಲಾಸ್ಟರ್ ಟೇಪ್ ಸುತ್ತಿ ಜನವರಿಯ ಓಟ ಓಡಿಬಿಡುವುದು ಒಂದು. ಹಾಗೆ ಓಡಿ ಮುಗಿಸಿದವರೂ ಇದ್ದಾರೆ, ಸುಳ್ಳು ಹೇಳುವುದಿಲ್ಲ. ಆದರೆ ಬಿರುಕು ಇದ್ದು ಓಡಿದರೆ ಮೂಳೆ ಪೂರ್ತಿ ಮುರಿಯಬಹುದು. ಆಗ ಆಪರೇಷನ್, ರಾಡ್, ಊರುಗೋಲು. ಮಾರ್ಚ್‌ನ ಪ್ರೆಸೆಂಟೇಶನ್‌ಗೆ ಗ್ರೀನ್‌ಹೌಸ್‌ನಲ್ಲಿ ಗಿಡಗಳ ಮುಂದೆ ನಿಲ್ಲಲೂ ಆಗದ ಸ್ಥಿತಿ. ನನ್ನ ಕೈಯಲ್ಲಿದ್ದರೆ ಈ ದಾರಿಯನ್ನು ಮುಚ್ಚಿಬಿಡುತ್ತೇನೆ.

ಗೈಡ್ ಹೇಳಿದಂತೆ ಓಟ ಪೂರ್ತಿ ಬಿಡುವುದು ಇನ್ನೊಂದು. ಕಾಲಿಗೆ ಇದು ಸುರಕ್ಷಿತ. ಆದರೆ ಊಟ ನಿದ್ದೆ ಹೀಗೆಯೇ ಇದ್ದರೆ ಓಟ ಬಿಟ್ಟ ಮಾತ್ರಕ್ಕೆ ಮುಟ್ಟು ಬಂದೀತು ಅಂತ ಇಲ್ಲ. ಅದಲ್ಲದೆ ನಾಲ್ಕೈದು ವರ್ಷದ ಪಿಎಚ್.ಡಿ.ಯಲ್ಲಿ ಪ್ರಯೋಗ ಕೈಕೊಟ್ಟ ದಿನ ತಲೆ ತಣ್ಣಗಾಗಲು ಒಂದು ಜಾಗ ಬೇಕು. ಓಟ ನಿಮಗೆ ಅಂಥ ಜಾಗವಾಗಿತ್ತು ಅಂತ ನಿಮ್ಮ ಪತ್ರ ಓದಿದರೆ ಗೊತ್ತಾಗುತ್ತದೆ. ಅದನ್ನು ಕಿತ್ತು ಹಾಕಿದರೆ ಓದು ತಾನಾಗಿ ಚೆನ್ನಾಗುತ್ತದೆ ಎಂಬ ಲೆಕ್ಕ ನನ್ನ ಅನುಭವದಲ್ಲಿ ಸರಿಬಂದದ್ದು ಕಡಿಮೆ.

ನಾನು ಹೇಳುವುದು ಮೂರನೆಯದು. ಜನವರಿಯ ಮ್ಯಾರಥಾನ್ ಈ ವರ್ಷಕ್ಕೆ ಬಿಡಿ. ಕಟ್ಟಿದ ದುಡ್ಡು ಹೋಗಬಹುದು, ಬೇಸರವಾಗುತ್ತದೆ. ಎಂಆರ್‌ಐ ನೋಡಿ, ವೈದ್ಯರು ಹೇಳಿದಷ್ಟು ವಾರ ಕಾಲಿಗೆ ಬಿಡುವು ಕೊಡಿ. ಮೊದಲ ಕೆಲವು ವಾರ ಊಟ ನಿದ್ದೆ ಸರಿ ಮಾಡುವುದೇ ನಿಮ್ಮ ಟ್ರೈನಿಂಗ್. ಆಮೇಲೆ ನೋವಿಲ್ಲದಿದ್ದರೆ ಜಿಮ್‌ನಲ್ಲಿ ನಿಂತಲ್ಲೇ ತುಳಿಯುವ ಸೈಕಲ್. ಈಜು ಚೆನ್ನಾಗಿ ಬರುವವರಾದರೆ ಈಜು, ಆದರೆ ಕೆರೆಗೆ ಒಬ್ಬರೇ ಇಳಿಯುವುದು ಬೇಡ. ಇದರ ಅಪಾಯವೇನೆಂದರೆ, ಕೆಲವರು ಓಟ ಬಿಟ್ಟ ಸಿಟ್ಟನ್ನು ಸೈಕಲ್ ಮೇಲೆ ತೀರಿಸಿಕೊಂಡು ಮತ್ತೆ ಅದೇ ಕೊರತೆಗೆ ಬೀಳುತ್ತಾರೆ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಮೂರು ಸಲ ಸಾಕು.

‘ಎರಡು ತಿಂಗಳು ಬಿಟ್ಟರೆ ಎಲ್ಲಾ ಹೋಯಿತಲ್ಲ’ ಅನ್ನುತ್ತೀರಿ. ದಮ್ಮು ಇಳಿಯಲು ಶುರುವಾಗುವುದು ಪೂರ್ತಿ ಸುಮ್ಮನೆ ಕೂತ ಎರಡು ವಾರದ ಆಸುಪಾಸಿನಲ್ಲಿ, ನಿಜ. ಆದರೆ ಇಷ್ಟು ಕಾಲ ಓಡಿದ ದೇಹ ಹೊಸಬರ ದೇಹದಂತೆ ಸೊನ್ನೆಯಿಂದ ಶುರು ಮಾಡುವುದಿಲ್ಲ. ಸೈಕಲ್ ತುಳಿದರೆ ದಮ್ಮು ಬಹುಮಟ್ಟಿಗೆ ಉಳಿಯುತ್ತದೆ.

ಅರ್ಧ ಗಂಟೆ ನೋವಿಲ್ಲದೆ ಬಿರುಸಾಗಿ ನಡೆಯಲು ಸತತ ಕೆಲವು ದಿನ ಸಾಧ್ಯವಾದ ಮೇಲೆ, ವೈದ್ಯರನ್ನು ಕೇಳಿಯೇ ಓಟ ಶುರು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ದಿನ ಬಿಟ್ಟು ದಿನ. ನಿಮ್ಮ ಕ್ಯಾಂಪಸ್ ಗುಡ್ಡದ ಮೇಲಿದ್ದರೆ ಇಳಿಜಾರಿನಲ್ಲಿ ಓಡಬೇಡಿ, ಇಳಿಯುವಾಗಲೇ ಕಣಕಾಲಿಗೆ ಪೆಟ್ಟು ಜಾಸ್ತಿ. ಹತ್ತುವಾಗ ಓಡಿ, ಇಳಿಯುವಾಗ ನಡೆಯಿರಿ. ಬೇಕಲದ ಕಡಲತೀರ ಮೆತ್ತಗಿದೆ, ಒಳ್ಳೆಯದಲ್ವಾ ಅಂತ ಕೇಳುವವರಿದ್ದಾರೆ. ತೀರ ಸಮುದ್ರದ ಕಡೆಗೆ ವಾಲಿರುತ್ತದೆ. ಒಂದೇ ದಿಕ್ಕಿಗೆ ಓಡಿದರೆ ಒಂದು ಕಾಲು ಮೇಲೆ, ಇನ್ನೊಂದು ಕೆಳಗೆ. ನೀರು ಇಳಿದ ಹೊತ್ತಿನಲ್ಲಿ ಗಟ್ಟಿ ಮರಳು ನೋಡಿಕೊಂಡು ಹೋಗುವಷ್ಟೇ ದೂರ ಬರುವುದಾದರೆ ಪರವಾಗಿಲ್ಲ, ಆದರೆ ಮೊದಲ ತಿಂಗಳು ಬೇಡ. ಮಳೆಗಾಲದಲ್ಲಿ ಮುರಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತದೆ, ಅಲ್ಲಿ ಓಡುವುದೇ ಬೇಡ.

ಓಟ ಮತ್ತೆ ಹಿಡಿದ ಮೇಲೆ ವಾರದ ಪ್ಲಾನ್ ಮಾಡುವ ಕ್ರಮ ಬದಲಿಸಿ. ಆ್ಯಪ್‌ಗೆ ನಿಮ್ಮ ಲ್ಯಾಬ್ ಗೊತ್ತಿಲ್ಲ. ಭಾನುವಾರ ರಾತ್ರಿ ಮೊದಲು ಲ್ಯಾಬ್‌ನ ವಾರ ಬರೆಯಿರಿ. ಯಾವ ರಾತ್ರಿ ಸ್ಯಾಂಪಲ್, ಯಾವ ದಿನ ಮೀಟಿಂಗ್. ಸ್ಯಾಂಪಲ್ ತೆಗೆದ ರಾತ್ರಿಯ ಮರುದಿನ ಬೆಳಿಗ್ಗೆ ಓಟ ಇಲ್ಲ ಅಂತ ಮೊದಲೇ ಗೆರೆ ಎಳೆಯಿರಿ. ಉಳಿದ ದಿನಗಳಲ್ಲಿ ಎರಡು ಓಟ ಗಟ್ಟಿ ಮಾಡಿಕೊಳ್ಳಿ, ಒಂದು ಉದ್ದದ್ದು, ಒಂದು ಸ್ವಲ್ಪ ವೇಗದ್ದು. ಮೂರನೆಯದು, ನಾಲ್ಕನೆಯದು ಆದರೆ ಆಯಿತು. ಹೆಚ್ಚಿನ ಓಟ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವ ವೇಗದಲ್ಲೇ ಇರಲಿ. ತಪ್ಪಿಹೋದ ಓಟವನ್ನು ಭಾನುವಾರ ಕೂಡಿಸಿ ಓಡಬೇಡಿ, ಗಾಯಗಳು ಹುಟ್ಟುವುದು ಇಂಥ ಭಾನುವಾರಗಳಲ್ಲೇ. ಆರು ಗಂಟೆಗಿಂತ ಕಡಿಮೆ ನಿದ್ದೆ ಆದ ದಿನ ವೇಗದ ಓಟ ಬೇಡ. ಏಳು ಗಂಟೆಯ ನಿದ್ದೆ ವಾರದಲ್ಲಿ ಹೆಚ್ಚಿನ ದಿನ ಸಿಗದಿದ್ದರೆ ಆ ತಿಂಗಳು ನಿಮ್ಮದು ಹಾಫ್ ಮ್ಯಾರಥಾನ್‌ನ ತಿಂಗಳೂ ಅಲ್ಲ. ಪ್ರೆಸೆಂಟೇಶನ್‌ನ ಹಿಂದಿನ ಎರಡು ಮೂರು ವಾರ ಓಟವನ್ನು ಅರ್ಧಕ್ಕಿಂತಲೂ ಕಮ್ಮಿ ಮಾಡಿ. ವಾರಕ್ಕೆ ಎರಡೇ ಸಲ ಓಡಿದರೂ, ಅದರಲ್ಲಿ ಒಂದು ಚುರುಕಾಗಿದ್ದರೆ ದಮ್ಮು ಅಷ್ಟು ಬೇಗ ಇಳಿಯುವುದಿಲ್ಲ.

ಬೆವರಿನ ಬಗ್ಗೆಯೂ ಹೇಳಬೇಕು. ನಮ್ಮ ಕರಾವಳಿಯಲ್ಲಿ ಮುಂಜಾನೆಯೂ ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಒಣ ಊರಿನವರ ವೇಗ ನೋಡಿ ಓಡಬೇಡಿ. ಉದ್ದ ಓಟದ ಮೊದಲು ಮತ್ತು ನಂತರ ತೂಕ ನೋಡಿ, ಒಂದು ಕಿಲೋ ಇಳಿದರೆ ಸುಮಾರು ಒಂದು ಲೀಟರ್ ಬೆವರು ಹೋಗಿದೆ ಅಂತ. ಅದಕ್ಕಿಂತ ಜಾಸ್ತಿ ನೀರು ಕುಡಿಯುವುದೂ ಅಪಾಯ, ರಕ್ತದ ಸೋಡಿಯಂ ಇಳಿಯುತ್ತದೆ. ಬೊಂಡ, ಅಂದರೆ ಎಳನೀರು, ಒಳ್ಳೆಯದೇ. ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಉಪ್ಪಿನಂಶ ಕಮ್ಮಿ. ಬೆವರಲ್ಲಿ ಹೋಗುವುದು ಮುಖ್ಯವಾಗಿ ಉಪ್ಪು. ಉಪ್ಪು ಹಾಕಿದ ಗಂಜಿತಿಳಿ ಇದಕ್ಕೆ ಹೇಳಿ ಮಾಡಿಸಿದ್ದು.

ಗೈಡ್ ಜೊತೆ ಹೇಗೆ ಮಾತಾಡುವುದು ಎಂಬುದಕ್ಕೆ ನಾನು ತಜ್ಞನಲ್ಲ. ಆದರೆ ನನ್ನ ಬಳಿ ಬರುವ ವಿದ್ಯಾರ್ಥಿಗಳಲ್ಲಿ ಒಂದು ವಿಷಯ ಗಮನಿಸಿದ್ದೇನೆ. ಓಟವನ್ನು ಬಚ್ಚಿಟ್ಟವರಿಗಿಂತ ತಾರೀಕು ಸಮೇತ ಮೊದಲೇ ಹೇಳಿದವರು ನೆಮ್ಮದಿಯಾಗಿದ್ದಾರೆ. ‘ಜನವರಿಯ ಓಟ ಬಿಟ್ಟಿದ್ದೇನೆ, ಮಾರ್ಚ್ ತನಕ ಪ್ರೆಸೆಂಟೇಶನ್ ಮೊದಲು, ಮಳೆಗಾಲ ಕಳೆದ ಮೇಲೆ ಒಂದು ಹಾಫ್ ಮ್ಯಾರಥಾನ್ ಓಡಬೇಕು ಅಂತಿದೆ, ಆಗ ಎರಡು ದಿನ ರಜೆ ಕೇಳುತ್ತೇನೆ ಸರ್’ ಅಂತ ಹೇಳಿ ನೋಡಿ. ಪೂರ್ತಿ ಮ್ಯಾರಥಾನ್ ಅದರ ಮುಂದಿನ ವರ್ಷಕ್ಕೆ. ಅಷ್ಟರಲ್ಲಿ ಮುಟ್ಟು ತಿಂಗಳು ತಿಂಗಳು ಸರಿಯಾಗಿ ಬರುತ್ತಿರಬೇಕು, ಇದು ನನ್ನ ಕಡೆಯಿಂದ ಷರತ್ತು. ಊಟ ಸರಿಯಾದ ಮೇಲೂ ಅದು ವಾಪಸ್ ಬರಲು ಕೆಲವು ತಿಂಗಳು ಹಿಡಿಯಬಹುದು, ಗಾಬರಿ ಬೇಡ.

ಈ ವಾರ ಮಾಡಬೇಕಾದ್ದು: ಮೂಳೆ ತಜ್ಞರು ಅಥವಾ ಕ್ರೀಡಾ ವೈದ್ಯರನ್ನು ಕಂಡು ಕಾಲಿನ ಎಂಆರ್‌ಐಗೆ ಬರೆಸಿಕೊಳ್ಳಿ. ಕಾಞಂಗಾಡಿನಲ್ಲೋ ಕಾಸರಗೋಡಿನಲ್ಲೋ ಬೇಗ ಆಗದಿದ್ದರೆ ಬೆಳಗ್ಗಿನ ರೈಲಿಗೆ ಮಂಗಳೂರಿಗೆ ಹೋಗಿ ಬನ್ನಿ, ಅಮ್ಮನನ್ನೂ ಕರಕೊಂಡು ಹೋದರೆ ಒಳ್ಳೆಯದು. ಅದೇ ದಿನ ಸ್ತ್ರೀರೋಗ ತಜ್ಞರನ್ನೂ ಕಂಡು ಥೈರಾಯ್ಡ್, ಪ್ರೊಲ್ಯಾಕ್ಟಿನ್, ಫೆರಿಟಿನ್, ವಿಟಮಿನ್ ಡಿ ಪರೀಕ್ಷೆಗೆ ರಕ್ತ ಕೊಡಿ. ‘ಓಡುತ್ತೇನೆ, ಐದು ಕಿಲೋ ಇಳಿದಿದ್ದೇನೆ, ನಾಲ್ಕು ತಿಂಗಳಿಂದ ಮುಟ್ಟಿಲ್ಲ, ಕಾಲು ನೋವಿದೆ’ ಅಂತ ನಾಲ್ಕನ್ನೂ ಇಬ್ಬರಿಗೂ ಹೇಳಿ. ಮೂಳೆಯವರಿಗೆ ಮುಟ್ಟಿನ ವಿಷಯ ಯಾಕೆ, ಸ್ತ್ರೀರೋಗದವರಿಗೆ ಕಾಲಿನ ವಿಷಯ ಯಾಕೆ ಅಂತ ಬಿಟ್ಟುಬಿಡಬೇಡಿ. ಹೋಗುವ ಮೊದಲು ಮೆಸ್‌ನಲ್ಲಿ ತಿಂಡಿ ತಿಂದು ಹೋಗಿ. ಈ ಪರೀಕ್ಷೆಗಳಲ್ಲಿ ಯಾವುದಕ್ಕಾದರೂ ಖಾಲಿ ಹೊಟ್ಟೆ ಬೇಕು ಅಂತ ವೈದ್ಯರು ಹೇಳಿದರೆ ಮಾತ್ರ ತಿನ್ನದೆ ಹೋಗಿ, ರಕ್ತ ಕೊಟ್ಟ ಕೂಡಲೇ ತಿನ್ನಲು ಚೀಲದಲ್ಲಿ ಏನಾದರೂ ಇಟ್ಟುಕೊಳ್ಳಿ.